ಟೈರಿನ ಗಾಳಿಗೆ ನಾಲ್ಕು ದಾರಿಗಳು: ಬಂಕು, ಕಾಲುಪಂಪು, ಬ್ಯಾಟರಿ ಪಂಪು, ವೈರಿನ ಪಂಪು

ಕಾರಿನೊಳಗಿನ 12 ವೋಲ್ಟ್ ಸಾಕೆಟ್ಟಿಗೆ ಸಿಕ್ಕಿಸಿ ನಡೆಸುವ ವೈರಿನ ಪಂಪೇ ನನ್ನ ಆಯ್ಕೆ. ಅದನ್ನು ಕೊನೆಯವರೆಗೆ ಮುಚ್ಚಿಟ್ಟುಕೊಂಡು ಹೋಲಿಕೆಯ ನಾಟಕವಾಡುವ ಅಗತ್ಯ ನನಗಿಲ್ಲ. ಟೈರಿನ ಗಾಳಿಗಾಗಿ ಬಹುಕಾಲ ಪೆಟ್ರೋಲ್ ಬಂಕನ್ನೇ ನೆಚ್ಚಿಕೊಂಡಿದ್ದೆ, ಆಮೇಲೆ ಕಾಲುಪಂಪು ಬಂತು, ಅದರ ಹಿಂದೆಯೇ ಬ್ಯಾಟರಿ ಪಂಪಿಗೆ ಎಲ್ಲಕ್ಕಿಂತ ಹೆಚ್ಚು ಹಣ ಹೋಯಿತು. ಕಡೆಗೆ ಕಾರಿನಲ್ಲಿ ಉಳಿದದ್ದು ಬ್ಯಾಟರಿ ಪಂಪಿನ ಅರ್ಧಕ್ಕೂ ಕಡಿಮೆ ಬೆಲೆಯ ವೈರಿನ ಪಂಪು. ನಾನು ಹೆಚ್ಚಾಗಿ ಒಬ್ಬಳೇ ಕಾರು ಓಡಿಸುತ್ತೇನೆ, ಕೆಲಸ ಮುಗಿಸಿ ಹೊರಡುವ ಹೊತ್ತಿಗೆ ಕತ್ತಲಾಗಿರುತ್ತದೆ, ಕಾರು ಹಗಲೆಲ್ಲ ಬಯಲಿನಲ್ಲಿ ಬಿಸಿಲಿಗೆ ನಿಂತಿರುತ್ತದೆ. ನನ್ನ ತೀರ್ಮಾನವನ್ನು ಬಹುಮಟ್ಟಿಗೆ ಈ ಮೂರು ಸಂಗತಿಗಳೇ ರೂಪಿಸಿರುವುದರಿಂದ, ಕಾರನ್ನು ನೆರಳಿನಲ್ಲಿಟ್ಟು ಹಗಲಿನಲ್ಲಷ್ಟೇ ಓಡಿಸುವವರು ನನ್ನ ಮಾತಿನಲ್ಲಿ ಕೊಂಚ ಕಳೆದು ಓದಿಕೊಳ್ಳಬೇಕು.

ಗಾಳಿಯ ವಿಷಯಕ್ಕೆ ಇಷ್ಟೊಂದು ತಲೆ ಕೆಡಿಸಿಕೊಳ್ಳಬೇಕೇ ಎಂದು ಕೇಳುವವರಿಗೆ ಲೆಕ್ಕವೇ ಉತ್ತರ. ಎಲ್ಲಿಯೂ ತೂತಿಲ್ಲದ ಟೈರು ಕೂಡ ತಿಂಗಳಿಗೆ ಸುಮಾರು 1 ಪಿಎಸ್‌ಐ (ಚದರ ಅಂಗುಲಕ್ಕೆ ಇಷ್ಟು ಪೌಂಡ್ ಎಂದು ಗಾಳಿಯ ಒತ್ತಡ ಅಳೆಯುವ ಮಾನ) ಒತ್ತಡವನ್ನು ತಾನಾಗಿ ಕಳೆದುಕೊಳ್ಳುತ್ತದೆ. ಹವೆ ತಂಪಾದರೆ 5ರಿಂದ 6 ಡಿಗ್ರಿ ಸೆಲ್ಸಿಯಸ್ ಇಳಿದಾಗಲೆಲ್ಲ ಹೆಚ್ಚುಕಡಿಮೆ ಇನ್ನೊಂದು ಪಿಎಸ್‌ಐ ಕುಗ್ಗುತ್ತದೆ. ನಾಲ್ಕೂ ಟೈರುಗಳ ಸರಾಸರಿ ಒತ್ತಡ 1 ಪಿಎಸ್‌ಐ ಕಡಿಮೆಯಾದರೆ ಮೈಲೇಜು ಸುಮಾರು ಶೇ. 0.2ರಷ್ಟು ಇಳಿಯಬಹುದು ಎಂಬುದು ಅಮೆರಿಕದ ಇಂಧನ ಇಲಾಖೆಯ ಅಂದಾಜು. ಆ ಲೆಕ್ಕದಲ್ಲಿ 32 ಇರಬೇಕಾದ ಒತ್ತಡ 25ಕ್ಕೆ ಇಳಿದರೂ ಇಂಧನದಲ್ಲಿ ಆಗುವ ನಷ್ಟ ಶೇ. 1.4 ಮಾತ್ರ, ಗಾಳಿ ಸರಿಯಿದ್ದರೆ ಪೆಟ್ರೋಲಿನಲ್ಲೇ ಭಾರಿ ಉಳಿತಾಯ ಎನ್ನುವ ಜಾಹೀರಾತಿನ ಮಾತನ್ನು ನಾನು ನಂಬುವುದಿಲ್ಲ. ದೊಡ್ಡ ಉಳಿತಾಯ ಇರುವುದು ಟೈರಿನಲ್ಲೇ. ಗಾಳಿ ಕಡಿಮೆಯಾದ ಟೈರಿನ ಎರಡೂ ಅಂಚುಗಳು ಬೇಗ ಸವೆಯುತ್ತವೆ, ಅದರ ಪಕ್ಕೆಗಳು ಓಟದಲ್ಲಿ ಬಾಗಿ ಬಾಗಿ ಬಿಸಿಯೇರುತ್ತವೆ, ಆ ಬಿಸಿಯೇ ಹೆಚ್ಚಾಗಿ ಹೆದ್ದಾರಿಯಲ್ಲಿ ಟೈರು ಒಡೆಯುವುದಕ್ಕೆ ಕಾರಣವಾಗುತ್ತದೆ. ಹಣದ ಲೆಕ್ಕವೂ ಸುರಕ್ಷತೆಯ ಲೆಕ್ಕವೂ ಇಷ್ಟು ನೇರವಾಗಿ ಕೂಡಿಕೊಂಡ ಕೆಲಸ ಕಾರಿನಲ್ಲಿ ಮತ್ತೊಂದಿಲ್ಲ.

ಡ್ಯಾಶ್‌ಬೋರ್ಡಿನಲ್ಲಿ ಎಚ್ಚರಿಕೆಯ ದೀಪ ಇದೆಯಲ್ಲ ಎಂದು ಸುಮ್ಮನಿರುವುದೂ ಸರಿಯಲ್ಲ. ಅಮೆರಿಕದ ನಿಯಮದಲ್ಲಿ ಆ ದೀಪ ಹೊತ್ತಿಕೊಳ್ಳಲೇಬೇಕಾದದ್ದು ಒತ್ತಡ ಶೇ. 25ರಷ್ಟು ಇಳಿದಾಗ, ಅಂದರೆ 32 ಇರಬೇಕಾದಲ್ಲಿ 24 ಆದಾಗ. ಅಷ್ಟರೊಳಗೆ ಟೈರು ಸವೆಯಬೇಕಾದಷ್ಟು ಸವೆದಿರುತ್ತದೆ.

ಇನ್ನು ಬಂಕಿನ ಗಾಳಿ. ಖರ್ಚು ಅತ್ಯಲ್ಪ, ಯಂತ್ರ ಬಲವಾದದ್ದು, ನಾಲ್ಕು ಟೈರುಗಳ ಕೆಲಸ ಕೆಲವೇ ನಿಮಿಷಗಳಲ್ಲಿ ಮುಗಿಯುತ್ತದೆ. ಆದರೆ ಚಾಲಕರ ಬಾಗಿಲಿನ ಕಂಬದ ಮೇಲಿನ ಚೀಟಿಯಲ್ಲಿ ಬರೆದಿರುವ ಒತ್ತಡ ತಣ್ಣನೆಯ ಟೈರಿಗೆ ಸಂಬಂಧಿಸಿದ್ದು. ಕಾರು ಕನಿಷ್ಠ ಮೂರು ಗಂಟೆ ನಿಂತಿರಬೇಕು, ಇಲ್ಲವೇ ಒಂದೂವರೆ ಕಿಲೋಮೀಟರಿಗಿಂತ ಹೆಚ್ಚು ಓಡಿರಬಾರದು. ಬಂಕು ಅದಕ್ಕಿಂತ ದೂರದಲ್ಲಿದ್ದರೆ ಅಲ್ಲಿಗೆ ತಲುಪುವ ಹೊತ್ತಿಗೆ ಟೈರು ಬಿಸಿಯಾಗಿ ಗೇಜು ಹೆಚ್ಚು ತೋರಿಸುತ್ತದೆ, ಗಾಳಿ ಹಾಕುವವರು ಆ ಸಂಖ್ಯೆಯನ್ನೇ ನಂಬಿ ಒಂದಿಷ್ಟು ಗಾಳಿ ಬಿಟ್ಟುಬಿಡುತ್ತಾರೆ, ಬೆಳಗಿನ ತಂಪಿನಲ್ಲಿ ಅಳೆದಾಗ ಟೈರು ಮೊದಲಿಗಿಂತ ಸೊರಗಿರುತ್ತದೆ. ಹಿಂದಿನ ಟೈರಿಗೂ ಮುಂದಿನ ಟೈರಿಗೂ ಬೇರೆ ಒತ್ತಡ ಬೇಕೆಂದು ಹೇಳಿದರೂ ನಾಲ್ಕಕ್ಕೂ ಒಂದೇ ಸಂಖ್ಯೆ ಹಿಡಿಸಿ ಕಳುಹಿಸಿದ ಅನುಭವವೂ ನನಗಿದೆ. ಹೇಳುತ್ತಿರುವವಳು ಹೆಂಗಸಾಗಿದ್ದರೆ ಚೀಟಿಯನ್ನು ಬೆರಳಿಟ್ಟು ತೋರಿಸಿದರೂ ಕೆಲವರು ನಂಬುವುದಿಲ್ಲ. ಸ್ಟೆಪ್ನಿಯ ಗಾಳಿಯನ್ನು ಕೇಳಿಕೊಂಡು ನೋಡಿದವರಂತೂ ಅಪರೂಪ.

ಕಾಲುಪಂಪಿನ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ಅದು ಅಗ್ಗ, ಅದಕ್ಕೆ ವಿದ್ಯುತ್ತು ಬೇಡ, ಹತ್ತು ವರ್ಷ ಮೂಲೆಯಲ್ಲಿ ಬಿದ್ದಿದ್ದರೂ ತುಳಿದರೆ ಗಾಳಿ ಬರುತ್ತದೆ. 2 ಪಿಎಸ್‌ಐ ಏರಿಸುವುದಕ್ಕೆ ಚೆನ್ನಾಗಿದೆ. ಪೂರ್ತಿ ಇಳಿದ ಟೈರಿಗೆ ತುಳಿಯುತ್ತ ನಿಂತರೆ ಮೊಣಕಾಲು ದಣಿಯುವುದು ಒಂದು ಕಡೆಯಾದರೆ, ಅಷ್ಟು ಹೊತ್ತು ರಸ್ತೆಯ ಬದಿಯಲ್ಲಿ ತಲೆ ತಗ್ಗಿಸಿ, ಓಡಾಡುವ ವಾಹನಗಳಿಗೆ ಬೆನ್ನು ಹಾಕಿ ನಿಲ್ಲಬೇಕಾಗುವುದು ಇನ್ನೊಂದು ಕಡೆ. ಈ ಎರಡನೆಯ ಕಾರಣಕ್ಕಾಗಿ ಅದನ್ನು ಕಾರಿನಿಂದ ಇಳಿಸಿದೆ.

ಬ್ಯಾಟರಿ ಪಂಪು ಕೈಗೆ ಬಂದಾಗ ಹುಡುಕಾಟ ಮುಗಿಯಿತೆಂದೇ ಅಂದುಕೊಂಡೆ. ಗಾತ್ರದಲ್ಲಿ ನೀರಿನ ಬಾಟಲಿಯಷ್ಟು, ವೈರಿನ ಗೋಜಿಲ್ಲ, ಬೇಕಾದ ಒತ್ತಡವನ್ನು ನಮೂದಿಸಿ ಗುಂಡಿ ಒತ್ತಿದರೆ ಅಲ್ಲಿಗೆ ತಲುಪಿ ತಾನಾಗಿ ನಿಲ್ಲುತ್ತದೆ, ಕತ್ತಲಿಗೊಂದು ಪುಟ್ಟ ದೀಪವೂ ಇದೆ. ಮನೆಯಂಗಳದಲ್ಲಿ, ಆಗಷ್ಟೇ ಚಾರ್ಜ್ ಆದ ಪಂಪಿನಿಂದ ಗಾಳಿ ತುಂಬಿಸುವಾಗ ಅದರ ಮುಂದೆ ಬೇರೆ ಯಾವುದೂ ನಿಲ್ಲುವುದಿಲ್ಲ ಎಂಬುದನ್ನು ಈಗಲೂ ಒಪ್ಪುತ್ತೇನೆ.

ತೊಡಕು ಶುರುವಾದದ್ದು ಅದರ ಚಾರ್ಜಿನ ಗೆರೆಗಳಿಂದ. ಪರದೆಯ ಮೇಲೆ ನಾಲ್ಕು ಗೆರೆಗಳಲ್ಲಿ ಮೂರು ಹೊಳೆಯುತ್ತಿರುತ್ತವೆ, ಮೊದಲನೆಯ ಟೈರು ಸಲೀಸಾಗಿ ತುಂಬುತ್ತದೆ, ಎರಡನೆಯದರ ನಡುವೆ ಮೋಟಾರಿನ ಸದ್ದು ಕುಗ್ಗಿ ಪಂಪು ನಿಂತುಬಿಡುತ್ತದೆ. ತುಸು ಬಿಟ್ಟು ನೋಡಿದರೆ ಮತ್ತೆ ಎರಡು ಗೆರೆಗಳು ಏನೂ ಆಗಿಲ್ಲವೆಂಬಂತೆ ಹೊಳೆಯುತ್ತವೆ. ಆ ಗೆರೆಗಳು ಬ್ಯಾಟರಿ ಸುಮ್ಮನಿರುವಾಗಿನ ವೋಲ್ಟೇಜನ್ನು ತೋರಿಸುತ್ತವೆ. ಮೋಟಾರು ಒತ್ತಡದ ವಿರುದ್ಧ ತಿರುಗತೊಡಗಿದಾಗ ವೋಲ್ಟೇಜು ಥಟ್ಟನೆ ಕುಸಿಯುತ್ತದೆ, ಒಂದು ಮಟ್ಟಕ್ಕಿಂತ ಕೆಳಗಿಳಿದೊಡನೆ ಒಳಗಿನ ರಕ್ಷಣಾ ಸರ್ಕ್ಯೂಟು ಎಲ್ಲವನ್ನೂ ನಿಲ್ಲಿಸುತ್ತದೆ. ಬ್ಯಾಟರಿ ಹಳೆಯದಾದಷ್ಟೂ ಈ ಕುಸಿತ ಹೆಚ್ಚುತ್ತದೆ. ಕೊಂಡ ಹೊಸದರಲ್ಲಿ ನಾಲ್ಕು ಟೈರುಗಳನ್ನು ನಿರಾಯಾಸವಾಗಿ ಮುಗಿಸುತ್ತಿದ್ದ ಪಂಪು ಒಂದು ಬೇಸಿಗೆ ಕಳೆಯುವಷ್ಟರಲ್ಲಿ ಎರಡಕ್ಕೆ ಸುಸ್ತಾಗುತ್ತಿತ್ತು.

ಬೇಸಿಗೆಯ ಮಾತು ಸುಮ್ಮನೆ ಬಂದದ್ದಲ್ಲ. ಲಿಥಿಯಂ ಬ್ಯಾಟರಿಗೆ ಬಿಸಿ ಆಗದು, ತುಂಬು ಚಾರ್ಜಿನಲ್ಲಿ ಬಹುಕಾಲ ಇಡುವುದೂ ಆಗದು. ಈ ಎರಡೂ ಒಟ್ಟಿಗೆ ಸೇರಿದರೆ ಅದು ಅತಿ ಬೇಗ ಮುದಿಯಾಗುತ್ತದೆ. ಆಪತ್ತಿಗಿರಲೆಂದು ತುಂಬು ಚಾರ್ಜ್ ಮಾಡಿ, ಬಿಸಿಲಿನಲ್ಲಿ ನಿಂತ ಕಾರಿನೊಳಗೆ ಇಡುವುದೆಂದರೆ ಅದಕ್ಕೆ ಒಗ್ಗದ ಎರಡನ್ನೂ ಒಟ್ಟಿಗೆ ಉಣಿಸಿದಂತೆ. ಬಿಸಿಲಿನಲ್ಲಿ ಮುಚ್ಚಿ ನಿಲ್ಲಿಸಿದ ಕಾರಿನ ಒಳಭಾಗ ಹೊರಗಿನ ಹವೆಗಿಂತ ಹತ್ತಾರು ಡಿಗ್ರಿ ಹೆಚ್ಚು ಕಾಯುವುದುಂಟು. ನನ್ನ ಪಂಪು ಕೆಲವು ಮಧ್ಯಾಹ್ನಗಳಲ್ಲಿ ತಣ್ಣಗಾಗುವವರೆಗೆ ಚಾಲೂ ಆಗಲು ಸುತರಾಂ ಒಪ್ಪುತ್ತಿರಲಿಲ್ಲ.

ಹಾಗಿದ್ದರೆ ಮನೆಗೆ ಒಯ್ದು ತಂಪಾದ ಕಡೆ ಇಟ್ಟುಕೊಳ್ಳಿ, ಆಗಾಗ ಚಾರ್ಜ್ ಮಾಡುತ್ತಿರಿ ಎಂದು ಮಾರಿದವರು ಸಲಹೆ ಕೊಟ್ಟರು. ಮನೆಯ ಕಪಾಟಿನಲ್ಲಿರುವ ಪಂಪು ದಾರಿಯಲ್ಲಿ ಇಳಿದ ಟೈರಿಗೆ ಏನು ಮಾಡೀತು? ದಿನವೂ ಬೆಳಿಗ್ಗೆ ಒಯ್ಯುವುದು, ರಾತ್ರಿ ತರುವುದು, ನೆನಪಿಟ್ಟು ಗಂಟೆಗಟ್ಟಲೆ ಚಾರ್ಜಿಗೆ ಹಾಕುವುದು ಶಿಸ್ತಿನ ಸ್ವಭಾವದವರಿಗೆ ಸಾಧ್ಯವಾದೀತು. ನನಗೆ ಮೊಬೈಲು, ಲ್ಯಾಪ್‌ಟಾಪುಗಳ ಚಾರ್ಜಿನ ನಿಗಾ ಇಡುವಷ್ಟರಲ್ಲೇ ಸಾಕಾಗಿರುತ್ತದೆ. ಅದೂ ಅಲ್ಲದೆ ಚಾರ್ಜಿಗೆ ಹಾಕಿರುವಾಗ ನನ್ನ ಪಂಪು ಕೆಲಸ ಮಾಡುವುದಿಲ್ಲ. ಕಾರಿನ ಸಾಕೆಟ್ಟಿನಿಂದಲೇ ಚಾರ್ಜ್ ಮಾಡಿ ಮುಂದುವರಿಯೋಣವೆಂದರೆ, ಅದಕ್ಕೆ ಸಾಕಷ್ಟು ಬಲ ಬರುವವರೆಗೆ ಕತ್ತಲಲ್ಲಿ ರಸ್ತೆಯ ಬದಿಯಲ್ಲಿ ಕಾಯುತ್ತಿರಬೇಕು.

ವೈರಿನ ಪಂಪಿಗೆ ಈ ಯಾವ ತಾಪತ್ರಯವೂ ಇಲ್ಲ, ಏಕೆಂದರೆ ಅದಕ್ಕೆ ತನ್ನದೇ ಆದ ಬ್ಯಾಟರಿಯಿಲ್ಲ. ಸ್ಟೆಪ್ನಿಯ ಪಕ್ಕದಲ್ಲಿ ವರ್ಷವಿಡೀ ಮರೆತು ಇಟ್ಟಿದ್ದರೂ ಕಾರು ಚಾಲೂ ಆಗುವ ಸ್ಥಿತಿಯಲ್ಲಿದ್ದರೆ ಪಂಪೂ ಚಾಲೂ ಆಗುತ್ತದೆ. ಅದರ ಕಿರಿಕಿರಿಗಳು ಬೇರೆ ಬಗೆಯವು: ಸದ್ದು ಜೋರು, ಎಂಜಿನ್ ಓಡುತ್ತಿರಬೇಕಾದ್ದರಿಂದ ಗ್ಯಾರೇಜಿನೊಳಗೆ ಹೊಗೆಯ ಅಪಾಯವಿದೆ, ಕಾರನ್ನು ಬಯಲಿಗೆ ತಂದೇ ಬಳಸಬೇಕು, ಸತತವಾಗಿ ಹತ್ತು ಹದಿನೈದು ನಿಮಿಷ ಓಡಿಸಿದ ಮೇಲೆ ಆರಲು ಬಿಡಬೇಕು, ಕೊಳವೆಯ ತುದಿಯ ಹಿತ್ತಾಳೆ ಬೆರಳು ಸುಡುವಷ್ಟು ಕಾಯುವುದರಿಂದ ಬಿಚ್ಚುವಾಗ ಒಂದು ಬಟ್ಟೆಯ ತುಂಡು ಹತ್ತಿರವಿರಬೇಕು. ಕೊಳ್ಳುವ ಮುನ್ನ ಎರಡನ್ನು ನೋಡಿಕೊಳ್ಳುವುದು ಅವಶ್ಯ. ವೈರು ಸಾಕೆಟ್ಟಿನಿಂದ ಅತಿ ದೂರದ ಹಿಂದಿನ ಚಕ್ರದವರೆಗೆ ಎಳೆದಾಡದೆ ತಲುಪಬೇಕು. ಪಂಪು ಎಳೆಯುವ ವಿದ್ಯುತ್ತು ಆ ಸಾಕೆಟ್ಟಿನ ಫ್ಯೂಸ್ ತಡೆಯುವಷ್ಟರೊಳಗೆ ಇರಬೇಕು; 10 ಆಂಪಿಯರಿನ ಫ್ಯೂಸ್ ಇದ್ದರೆ 120 ವ್ಯಾಟಿನ ಆಚೆಗಿನ ಪಂಪು ಕೊಂಡು ಪ್ರಯೋಜನವಿಲ್ಲ.

ಒಬ್ಬಂಟಿಯಾಗಿ ಓಡಿಸುವವಳಿಗೆ ಇದರ ದೊಡ್ಡ ಉಪಕಾರ ಬೇರೆಯೇ ಇದೆ. ನಿಗದಿ ಮಾಡಿದ ಒತ್ತಡಕ್ಕೆ ತಾನಾಗಿ ನಿಲ್ಲುವ ಪಂಪಾದರೆ, ವೈರನ್ನು ಕಿಟಕಿಯ ಸಂದಿನಿಂದ ಹೊರಗೆ ಬಿಟ್ಟು, ಕೊಳವೆಯನ್ನು ವಾಲ್ವಿಗೆ ತಿರುಗಿಸಿ, ಕಾರಿನೊಳಗೆ ಕುಳಿತು ಬಾಗಿಲುಗಳನ್ನು ಲಾಕ್ ಮಾಡಿಕೊಂಡೇ ಕಾಯಬಹುದು. ಹೊರಗೆ ಬಗ್ಗಿ ಕೂರುವ ಕಾಲ ಅತಿ ಕಡಿಮೆಯಾಗುತ್ತದೆ. ಇದಕ್ಕೆ ನಾನು ಮೊದಲು ಹಜಾರ್ಡ್ ದೀಪ ಹಾಕುತ್ತೇನೆ, ಮೊಬೈಲನ್ನು ಸೀಟಿನ ಮೇಲೆ ಬಿಡದೆ ಕೈಯಲ್ಲೇ ಇಟ್ಟುಕೊಂಡು ಇಳಿಯುತ್ತೇನೆ. ವಾಹನಗಳು ಓಡಾಡುವ ಬದಿಯ ಚಕ್ರವಾಗಿದ್ದರೆ ಹೆದ್ದಾರಿಯಲ್ಲಿ ಅದರ ತಂಟೆಗೇ ಹೋಗುವುದಿಲ್ಲ. ಟೈರು ಹಾಳಾದರೂ ಚಿಂತೆಯಿಲ್ಲವೆಂದು ನಿಧಾನವಾಗಿ ಸುರಕ್ಷಿತ ಜಾಗದವರೆಗೆ ಸಾಗುತ್ತೇನೆ. ಉಳಿತಾಯದ ಲೆಕ್ಕವನ್ನು ಬದಿಗಿಡುವ ಸಂದರ್ಭ ನನ್ನ ಪಾಲಿಗೆ ಇದೊಂದೇ.

ಟ್ಯೂಬ್‌ಲೆಸ್ ಟೈರಿಗೆ ಮೊಳೆ ಚುಚ್ಚಿಕೊಂಡಾಗಲೂ ಪಂಪಿನ ಬೆಲೆ ತಿಳಿಯುತ್ತದೆ. ಮೊಳೆಯನ್ನು ಕೀಳದೆ ಹಾಗೆಯೇ ಬಿಟ್ಟರೆ ಗಾಳಿ ಸಾಮಾನ್ಯವಾಗಿ ನಿಧಾನವಾಗಿ ಸೋರುತ್ತದೆ. ತುಂಬಿಸಿಕೊಂಡು ಮಿತವಾದ ವೇಗದಲ್ಲಿ ಬೆಳಕೂ ಜನವೂ ಇರುವ ಕಡೆಗೆ ಹೋಗಿ, ಅಲ್ಲಿ ಪಂಚರ್ ಹಾಕಿಸಿಕೊಳ್ಳಬಹುದು. ಪಕ್ಕೆ ಸೀಳಿದ ಟೈರಿಗೆ ಮಾತ್ರ ಯಾವ ಪಂಪೂ ನೆರವಾಗದು, ಸ್ಟೆಪ್ನಿಯೇ ಗತಿ. ಕಾರು ತಯಾರಿಸಿದ ಕಾರ್ಲ್ ಬೆಂಜ್‌ರ ಪತ್ನಿ ಬರ್ತಾ ಬೆಂಜ್ 1888ರಲ್ಲಿ ಜರ್ಮನಿಯ ಮ್ಯಾನ್‌ಹೈಮಿನಿಂದ ಫೋರ್ಟ್ಸ್‌ಹೈಮಿಗೆ ಮೊತ್ತಮೊದಲ ದೂರದ ಕಾರು ಪ್ರಯಾಣ ಮಾಡಿ, ದಾರಿಯಲ್ಲಿ ಕಟ್ಟಿಕೊಂಡ ಇಂಧನದ ಕೊಳವೆಯನ್ನು ಟೋಪಿಯ ಪಿನ್ನಿನಿಂದಲೇ ಬಿಡಿಸಿದರು ಎನ್ನುತ್ತಾರೆ. ಆ ಬಂಡಿಗೆ ಗಾಳಿಯ ಟೈರಿರಲಿಲ್ಲ, ಡನ್‌ಲಪ್ ಗಾಳಿ ಟೈರಿಗೆ ಪೇಟೆಂಟ್ ಪಡೆದದ್ದು ಅದೇ ವರ್ಷ. ಆಕೆಗೆ ಇಲ್ಲದಿದ್ದ ಆ ಒಂದು ಚಿಂತೆ ನಮ್ಮ ಪಾಲಿಗೆ ಬಂದಿದೆ.

ಗೇಜಿನ ವಿಷಯದಲ್ಲಿ ಎರಡೂ ವಿದ್ಯುತ್ ಪಂಪುಗಳು ಸಮಾನವಾಗಿ ಅಪನಂಬಿಕೆಗೆ ಪಾತ್ರವಾಗಿವೆ. ಗಾಳಿ ಹೋಗುತ್ತಿರುವಾಗ ಪರದೆ ತೋರಿಸುವುದು ಕೊಳವೆಯೊಳಗಿನ ಒತ್ತಡವನ್ನು, ಅದು ಟೈರಿನೊಳಗಿನದಕ್ಕಿಂತ ಕೊಂಚ ಹೆಚ್ಚಿರುತ್ತದೆ. ಹೀಗಾಗಿ ಪಂಪು ನಿಗದಿತ ಸಂಖ್ಯೆಗೆ ಬಂದೆನೆಂದು ತುಸು ಮೊದಲೇ ನಿಂತುಬಿಡಬಹುದು. ಕೊಳವೆ ಬಿಚ್ಚುವಾಗ ಬುಸ್ಸೆಂದು ಇನ್ನಷ್ಟು ಗಾಳಿ ಹೋಗುತ್ತದೆ. ನಾನು 1 ಪಿಎಸ್‌ಐ ಹೆಚ್ಚು ನಮೂದಿಸಿ, ಆಮೇಲೆ ಪಂಪಿಗೆ ಸೇರದ ಬಿಡಿ ಗೇಜಿನಿಂದ ಅಳೆದು ಸರಿಪಡಿಸುತ್ತೇನೆ. ಬಜೆಟ್ಟಿನಲ್ಲಿ ಏನನ್ನಾದರೂ ಕೈಬಿಡಲೇಬೇಕಾದರೆ ಪಂಪನ್ನು ಬಿಡಿ, ಬಿಡಿ ಗೇಜನ್ನು ಮಾತ್ರ ಬಿಡಬೇಡಿ. ಅದು ಕೈಯಲ್ಲಿದ್ದರೆ ಬಂಕಿನ ಗಾಳಿಯನ್ನೂ ಹತೋಟಿಯಲ್ಲಿಡಬಹುದು.

ತಿಂಗಳಿಗೊಮ್ಮೆ ಬೆಳಗಿನ ತಂಪಿನಲ್ಲಿ ನಾಲ್ಕು ಟೈರುಗಳನ್ನೂ ಸ್ಟೆಪ್ನಿಯನ್ನೂ ನೋಡಿಕೊಳ್ಳುವ, ನಡುವೆ ಪಂಪಿನ ಕಡೆ ತಿರುಗಿಯೂ ನೋಡದ ನನ್ನಂಥವರಿಗೆ ವೈರಿನ ಪಂಪೂ ಬಿಡಿ ಗೇಜೂ ಸೇರಿ ಸಾಕು. ಎರಡೂ ಕೂಡಿ ಬ್ಯಾಟರಿ ಪಂಪಿಗಿಂತ ಕಡಿಮೆಗೆ ಬಂದವು. ಬಂಕು ಮನೆಯ ಎದುರಿಗೇ ಇದ್ದು ಹಗಲಿನಲ್ಲಷ್ಟೇ ಓಡಾಡುವವರು ಗೇಜೊಂದನ್ನೇ ಕೊಂಡು ಉಳಿದ ಹಣವನ್ನು ಒಳ್ಳೆಯ ಟೈರಿಗೆ ಕೂಡಿಟ್ಟುಕೊಳ್ಳುವುದು ಮೇಲು. ಸ್ಕೂಟರ್ ಓಡಿಸುವ ಹೆಂಗಸರ ವಿಷಯದಲ್ಲಿ ಮಾತ್ರ ನನ್ನ ತೀರ್ಪು ತಿರುವುಮುರುವಾಗುತ್ತದೆ. ಬಹಳಷ್ಟು ಸ್ಕೂಟರುಗಳಲ್ಲಿ ವೈರಿನ ಪಂಪಿಗೆ ಹೊಂದುವ ಸಾಕೆಟ್ಟಿಲ್ಲ, ಟೈರು ಚಿಕ್ಕದಾದ್ದರಿಂದ ಬೇಕಾಗುವ ಗಾಳಿಯೂ ಕಡಿಮೆ, ಇಳಿದು ಹೋಗುವಾಗ ಪಂಪನ್ನು ಕೈಚೀಲದಲ್ಲಿ ಒಯ್ಯಬಹುದಾದ್ದರಿಂದ ಬಿಸಿಲಿನ ಕಾಟವೂ ಇಲ್ಲ. ನನ್ನ ಬ್ಯಾಟರಿ ಪಂಪನ್ನು ಈಗ ತಂಗಿ ತನ್ನ ಸ್ಕೂಟರಿಗೆ ಬಳಸುತ್ತಿದ್ದಾಳೆ, ಎರಡು ಟೈರುಗಳಿಗೆ ಅದರ ಉಳಿದ ಚಾರ್ಜು ಧಾರಾಳವಾಗಿ ಸಾಲುತ್ತದೆ.