ಕನ್ನಡದಲ್ಲಿ ಮಾತಾಡಿದ ಅಂತ ನಂಬಿ ಹಳೇ ಸ್ವಿಚ್ ಕೊಂಡೆವು

ಸೆಕೆಂಡ್‌ ಹ್ಯಾಂಡ್ ನಿಂಟೆಂಡೊ ಸ್ವಿಚ್ (ಕೈಯಲ್ಲಿ ಹಿಡಿದೋ ಟಿವಿಗೆ ಹಾಕಿಯೋ ಆಡುವ ಗೇಮ್ ಯಂತ್ರ) ಹುಡುಕುತ್ತಿರುವ ಮುಂಬೈ ಕಡೆಯವರು ದಯವಿಟ್ಟು ಇದನ್ನು ಪೂರ್ತಿ ಓದಿ. ಹೋದ ತಿಂಗಳು ನಮ್ಮ 14,500 ರೂಪಾಯಿ ಹೋಯಿತು. ಅದರಲ್ಲಿ ಒಂಬತ್ತು ಸಾವಿರ ನನ್ನ ಅಕ್ಕನ ಮಗನದು. ಹುಟ್ಟುಹಬ್ಬಕ್ಕೆ, ಚೌತಿಗೆ ಊರಿಗೆ ಹೋದಾಗ ಅಜ್ಜಿ, ದೊಡ್ಡಮ್ಮ ಕೈಗಿಟ್ಟ ನೋಟುಗಳನ್ನು ಎರಡು ವರ್ಷ ಮುರಿಸದೆ ಕೂಡಿಟ್ಟಿದ್ದ. ಹತ್ತನೇ ಪರೀಕ್ಷೆ ಮುಗಿಯಲಿ, ಉಳಿದದ್ದನ್ನು ನಾನು ಹಾಕುತ್ತೇನೆ ಅಂತ ಮಾತು ಕೊಟ್ಟಿದ್ದೆ.

ಯಾವ ಮಾಡೆಲ್ ಅಂತ ನಾವು ಸಾಕಷ್ಟು ಯೋಚಿಸಿದ್ದೆವು. 2019ರ ಸ್ವಿಚ್ ಲೈಟ್ ಅಗ್ಗ. ಆದರೆ ಟಿವಿಗೆ ಹಾಕಲು ಆಗುವುದಿಲ್ಲ. ಬೇರೆ ಸ್ವಿಚ್‌ಗಳ ಜಾಯ್‌ಕಾನ್ (ಎರಡು ಬದಿಯ ಕಂಟ್ರೋಲರ್) ಥರ ಇದರ ಕಂಟ್ರೋಲರ್ ಬಿಚ್ಚಲೂ ಬರುವುದಿಲ್ಲ, ಹಾಗಾಗಿ ಅದರ ಸ್ಟಿಕ್ ಕೆಟ್ಟರೆ ಇಡೀ ಯಂತ್ರವನ್ನೇ ರಿಪೇರಿಗೆ ಕೊಡಬೇಕು. ಡೊಂಬಿವಲಿಯ ಮನೆಯಲ್ಲಿ ತಂಗಿಯ ಜೊತೆ ಟಿವಿಯಲ್ಲಿ ಆಡಬೇಕು ಅನ್ನುವುದು ಹುಡುಗನ ಆಸೆ. ಹಾಗಾಗಿ ಲೈಟ್ ಬೇಡ ಅಂದೆವು. 2021ರಲ್ಲಿ ಬಂದ ಓಲೆಡ್ ಮಾಡೆಲ್‌ನ ಪರದೆ 7 ಇಂಚು, ತುಂಬಾ ಚೆನ್ನಾಗಿದೆ, ಆದರೆ ನಮ್ಮ ಬಜೆಟ್ ಮೀರುತ್ತಿತ್ತು. ಉಳಿದದ್ದು 6.2 ಇಂಚಿನ ಮಾಮೂಲಿ ಸ್ವಿಚ್.

ಮೋಸ ನಡೆಯುವುದು ಈ ಮಾಮೂಲಿ ಸ್ವಿಚ್‌ನಲ್ಲೇ. ಇದರಲ್ಲಿ ಎರಡು ಬಗೆ ಇದೆ. ನೋಡಲು ಎರಡೂ ಒಂದೇ. 2017ರಲ್ಲಿ ಬಂದದ್ದರ ಬ್ಯಾಟರಿ ಎರಡೂವರೆಯಿಂದ ಆರೂವರೆ ಗಂಟೆ ಬರುತ್ತದೆ ಅಂತ ಕಂಪನಿಯೇ ಹೇಳುತ್ತದೆ. 2019ರಲ್ಲಿ ಚಿಪ್ ಬದಲಿಸಿ ತಂದದ್ದು ನಾಲ್ಕೂವರೆಯಿಂದ ಒಂಬತ್ತು ಗಂಟೆ. ಹಿಂಬದಿಯಲ್ಲಿ ಎಚ್‌ಎಸಿ-001 ಅಂತಷ್ಟೇ ಇದ್ದರೆ ಹಳೆಯದು, ಅದರ ಮುಂದೆ ಬ್ರಾಕೆಟ್‌ನಲ್ಲಿ -01 ಅಂತ ಇದ್ದರೆ ಹೊಸ ಬ್ಯಾಟರಿಯದು. ಇಷ್ಟು ತಿಳಿದುಕೊಂಡೇ ಹೋಗಿದ್ದೆವು. ಆದರೂ ಮೋಸ ಹೋದೆವು.

ಮಾರುವವನ ಜೊತೆ ಫೋನಿನಲ್ಲಿ ಹಿಂದಿಯಲ್ಲಿ ಶುರು ಮಾಡಿದೆ. ನನ್ನ ಹೆಸರು ಕೇಳಿದವನೇ, "ಅಯ್ಯೋ ಅಣ್ಣಾ, ಕನ್ನಡದವರಾ? ನಮ್ಮದೂ ಕುಂದಾಪುರ ಕಡೆ" ಅಂದ. ಐನೂರು ಕಮ್ಮಿ ಮಾಡಿದ. ಊರಿನ ಮಾತು, ಮಳೆಯ ಮಾತು ಎಲ್ಲಾ ಆಯಿತು. ಮುಂಬೈಯಲ್ಲಿ ಇಷ್ಟು ವರ್ಷ ಇದ್ದವನಿಗೆ ಅಪರಿಚಿತರ ಬಾಯಲ್ಲಿ ನಮ್ಮ ಭಾಷೆ ಕೇಳಿದರೆ ಮನಸ್ಸು ತಾನಾಗೇ ಸಡಿಲವಾಗುತ್ತದೆ. ನಿಮಗೂ ಹಾಗೇ ಅಲ್ವಾ? ಆಮೇಲೆ ನಾನು ಕೇಳಬೇಕಾದ ಎಷ್ಟೋ ಪ್ರಶ್ನೆ ಕೇಳಲೇ ಇಲ್ಲ.

ಸಂಜೆ ಏಳಕ್ಕೆ ದಾದರ್ ಸ್ಟೇಷನ್ ಸೇತುವೆ ಮೇಲೆ ಸಿಕ್ಕಿದ. ಆ ಹೊತ್ತಿನ ಜನಸಂದಣಿ ಗೊತ್ತೇ ಇದೆ, ಒಂದು ಕಡೆ ನಿಲ್ಲಲೂ ಆಗುವುದಿಲ್ಲ. ಯಂತ್ರ ಆನ್ ಮಾಡಿ ತೋರಿಸಿದ. ಹಿಂಬದಿಯಲ್ಲಿ -01 ಇತ್ತು. ಒಳಗೆ ನಲವತ್ತಕ್ಕೂ ಜಾಸ್ತಿ ಗೇಮ್. "ಎಲ್ಲಾ ಫ್ರೀ, ತಮ್ಮನಿಗೆ ನನ್ನ ಕಡೆಯಿಂದ" ಅಂದ. ಹುಡುಗ ಜಾಯ್‌ಕಾನ್ ಬಿಚ್ಚಿ ಆಡಿ ನೋಡುತ್ತೇನೆ ಅಂದಾಗ, "ಇಲ್ಲಿ ಬಿದ್ದು ಹೋದೀತು, ಮನೇಲಿ ನೋಡು" ಅಂತ ಕೈ ಅಡ್ಡ ಹಿಡಿದ. ಪರದೆಯ ಮೇಲೆ ಬಲಮೂಲೆಯಲ್ಲಿ ಪುಟ್ಟ ವಿಮಾನದ ಗುರುತು ಇದ್ದದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಫ್ಲೈಟ್ ಮೋಡ್‌ನಲ್ಲಿಟ್ಟಿದ್ದ. ಅದರಲ್ಲಿ ನೆಟ್ ಇರುವುದಿಲ್ಲ, ಬಿಚ್ಚಿದ ಜಾಯ್‌ಕಾನ್ ಕೂಡ ಸಾಮಾನ್ಯವಾಗಿ ಕೆಲಸ ಮಾಡುವುದಿಲ್ಲ. ಇದು ನನಗೆ ಹೊಳೆದದ್ದು ಯುಪಿಐನಲ್ಲಿ ದುಡ್ಡು ಹೋದ ಮೇಲೆ.

ಮನೆಗೆ ಬಂದು ವೈಫೈಗೆ ಹಾಕಿದೆವು. ಈ ಯಂತ್ರದಲ್ಲಿ ಆನ್‌ಲೈನ್ ಸೇವೆ ಬಳಸುವುದನ್ನು ನಿಂಟೆಂಡೊ ತಡೆದಿದೆ ಅಂತ ಬಂತು, ಕೆಳಗೆ 2124-4007 ಅನ್ನುವ ನಂಬರ್. ಯಂತ್ರವೇ ಬ್ಯಾನ್ ಆಗಿತ್ತು. ಫಾರ್ಮ್ಯಾಟ್ ಮಾಡಿದರೂ, ಹೊಸ ಅಕೌಂಟ್ ಹಾಕಿದರೂ ಇದು ಹೋಗುವುದಿಲ್ಲ. ಬ್ಯಾನ್ ಬೀಳುವುದು ಅಕೌಂಟ್‌ಗೆ ಮಾತ್ರ ಅಲ್ಲ, ಆ ಯಂತ್ರಕ್ಕೇ. ಗೇಮ್ ಕೊಳ್ಳುವ ನಿಂಟೆಂಡೊದ ಆನ್‌ಲೈನ್ ಅಂಗಡಿ ಇ-ಶಾಪ್ ಇಲ್ಲ, ಗೆಳೆಯರ ಜೊತೆ ಆನ್‌ಲೈನ್ ಮಾರಿಯೊ ಕಾರ್ಟ್ ಇಲ್ಲ. ಗೇಮ್ ಕಾರ್ಟ್ರಿಡ್ಜ್ ಹಾಕಿ ನೆಟ್ ಇಲ್ಲದೆ ಮನೆಯಲ್ಲೇ ಆಡಬಹುದು, ಅಷ್ಟೆ. ಹುಡುಗ ಏನೂ ಅನ್ನಲಿಲ್ಲ. "ಪರವಾಗಿಲ್ಲ ಮಾಮ" ಅಂತ ಅದನ್ನು ಡಬ್ಬಿಗೆ ಹಾಕಿಟ್ಟ. ನನಗೆ ಅದೇ ಜಾಸ್ತಿ ನೋವಾಯಿತು.

ಮಾರಿದವನ ಫೋನ್ ಅವತ್ತು ರಾತ್ರಿಯಿಂದಲೇ ಸ್ವಿಚ್ ಆಫ್. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ಕೊಟ್ಟಿದ್ದೇನೆ, ಹಣ ಇನ್ನೂ ಬಂದಿಲ್ಲ.

ಶನಿವಾರ ಲ್ಯಾಮಿಂಗ್ಟನ್ ರೋಡಿನ ಒಂದು ರಿಪೇರಿ ಅಂಗಡಿಗೆ ಒಯ್ದೆವು. ಅಲ್ಲಿಯ ಹಿರಿಯರು ಬಿಚ್ಚುವ ಮೊದಲೇ ಯಂತ್ರವನ್ನು ಮಗುಚಿ, ಭೂತಗನ್ನಡಿ ಹುಡುಗನ ಕೈಗೆ ಕೊಟ್ಟು ಸ್ಕ್ರೂ ನೋಡು ಅಂದರು. ಕಂಪನಿ ಹಿಂಬದಿಗೆ ಹಾಕುವ ನಾಲ್ಕು ಸ್ಕ್ರೂಗಳ ತಲೆಯಲ್ಲಿ ಮೂರು ಎಸಳಿನ ಗೀರು ಇರುತ್ತದೆ. ನಮ್ಮದರಲ್ಲಿ ಎರಡಕ್ಕೆ ಮಾಮೂಲಿ ಪ್ಲಸ್ ತಲೆ. ಉಳಿದೆರಡರ ಅಂಚು ಸವೆದು ಹೊಳೆಯುತ್ತಿತ್ತು. ಆಮೇಲೆ ಸೆಟ್ಟಿಂಗ್ಸ್‌ನಲ್ಲಿ ಸೀರಿಯಲ್ ನಂಬರ್ ತೆಗೆದು, ಕೆಳ ಅಂಚಿನ ಸ್ಟಿಕ್ಕರ್ ಜೊತೆ ಹೋಲಿಸಿದರು. ನಂಬರ್‌ನ ಶುರುವಿನ ಅಕ್ಷರ ಸ್ಟಿಕ್ಕರ್‌ನಲ್ಲಿ ಎಕ್ಸ್‌ಕೆಡಬ್ಲ್ಯು, ಅಂದರೆ ಹೊಸ ಬಗೆ; ಒಳಗೆ ಎಕ್ಸ್‌ಎಡಬ್ಲ್ಯು, ಅಂದರೆ ಹಳೇ ಬಗೆ. ಹೊಸ ಬ್ಯಾಟರಿ ಮಾಡೆಲ್‌ನ ಕವಚದೊಳಗೆ 2017ರ ಬಗೆಯ ಯಂತ್ರ ಕೂರಿಸಿದ್ದ. ಮೊದಲ ಕಂತಿನ ಸ್ವಿಚ್‌ಗಳ ಚಿಪ್‌ನಲ್ಲೇ ಒಂದು ದೋಷ ಇದೆ. 2018ರಲ್ಲಿ ಅದು ಹೊರಬಂತು. ಮಾರಾಟವಾದ ಯಂತ್ರಗಳಲ್ಲಿ ಅದನ್ನು ಅಪ್‌ಡೇಟ್ ಕೊಟ್ಟು ಸರಿಮಾಡಲು ಆಗಲಿಲ್ಲ. ಹಾಗಾಗಿ ಹ್ಯಾಕ್ ಮಾಡಿ ಕದ್ದ ಗೇಮ್ ತುಂಬುವವರಿಗೆ ಅವು ಸುಲಭ. ಆ ನಲವತ್ತು ಫ್ರೀ ಗೇಮ್ ಬಂದದ್ದು ಅಲ್ಲಿಂದ, ಬ್ಯಾನ್ ಬಿದ್ದದ್ದೂ ಅದಕ್ಕೇ.

ನಿಂಟೆಂಡೊ ಸ್ವಿಚ್ ಅನ್ನು ನಮ್ಮ ದೇಶದಲ್ಲಿ ಅಧಿಕೃತವಾಗಿ ಬಿಡುಗಡೆ ಮಾಡಲಿಲ್ಲ, ಹಾಗಾಗಿ ಇಂಥದ್ದು ಆದಾಗ ಹೋಗಿ ಕೇಳಲು ಕಂಪನಿಯ ಸರ್ವಿಸ್ ಸೆಂಟರ್ ಅಂತ ಒಂದು ಜಾಗವೂ ಇಲ್ಲ. ದುಡ್ಡು ಕೊಡುವ ಮೊದಲು ನೀವೇ ನೋಡಿಕೊಳ್ಳಬೇಕು. ಸ್ಟೇಷನ್‌ನಲ್ಲಿ ಬೇಡ, ಕೂತು ನೋಡುವ ಜಾಗಕ್ಕೆ ಕರೆಯಿರಿ. ನಿಮ್ಮ ಮೊಬೈಲ್‌ನ ಹಾಟ್‌ಸ್ಪಾಟ್ ಹಾಕಿ ಇ-ಶಾಪ್ ತೆರೆದು ನೋಡಿ. ಬೇರೆ ಏನು ಮರೆತರೂ ಇದೊಂದನ್ನು ಮರೆಯಬೇಡಿ. ಎರಡೂ ಕಡೆಯ ಸೀರಿಯಲ್ ನಂಬರ್ ಅಕ್ಷರ ಅಕ್ಷರ ಹೋಲಿಸಿ. ಜಾಯ್‌ಕಾನ್ ಬಿಚ್ಚಿ ಆಡಿಸಿ, ಸೆಟ್ಟಿಂಗ್ಸ್‌ನಲ್ಲಿ ಸ್ಟಿಕ್ ಪರೀಕ್ಷೆ ತೆರೆದು ಕೈ ಬಿಡಿ, ಚುಕ್ಕಿ ನಡುವೆ ನಿಲ್ಲದೆ ತಾನಾಗೇ ಸರಿದರೆ ಸ್ಟಿಕ್ ಹೋಗಿದೆ ಅಂತ ಅರ್ಥ. ಮಾರುವವರ ಎದುರೇ ಯಂತ್ರವನ್ನು ಪೂರ್ತಿ ಫಾರ್ಮ್ಯಾಟ್ ಮಾಡಿಸಿ. ಒಳಗೆ ಗೇಮ್ ತುಂಬಿಸಿ ಕೊಡುತ್ತೇನೆ ಅಂದರೆ ಅಲ್ಲಿಂದ ಎದ್ದು ಬನ್ನಿ.

ಹೋದ ಭಾನುವಾರ ಮಾಟುಂಗಾದ ಒಂದು ಉಡುಪಿ ಹೋಟೆಲಿನಲ್ಲಿ ಮತ್ತೊಬ್ಬರ ಸ್ವಿಚ್ ನೋಡಿದೆವು. ಅವರು ಮರಾಠಿಯವರು, ಬ್ಯಾಂಕಿನಲ್ಲಿ ಕೆಲಸ. ನಾನು ಹಾಟ್‌ಸ್ಪಾಟ್ ಅನ್ನುವಷ್ಟರಲ್ಲೇ ಯಂತ್ರವನ್ನು ನಮ್ಮ ಕಡೆ ತಳ್ಳಿ, ಆರಾಮಾಗಿ ನೋಡಿ ಅಂದರು. ಇಡ್ಲಿ ತಣ್ಣಗಾಗುತ್ತಿತ್ತು. ಹುಡುಗ ಸ್ಟಿಕ್ಕರ್‌ ಅನ್ನು ಕಿಟಕಿಯ ಬೆಳಕಿಗೆ ಹಿಡಿದು ಒಂದೊಂದೇ ಅಕ್ಷರ ಓದಿದ, ನಾನು ಪರದೆಯಲ್ಲಿ ನೋಡುತ್ತಾ ಹೂಂ ಅಂದೆ. ಕೊನೆಯ ಅಂಕಿಯವರೆಗೂ ಹೊಂದಿತು. ಇ-ಶಾಪ್ ತೆರೆದ ಮೇಲೆ ಅವನು ನನ್ನ ಮುಖ ನೋಡಿದ, ನಾನು ಫೋನ್ ತೆಗೆದು ದುಡ್ಡು ಹಾಕಿದೆ.