ವಯಸ್ಸಾದವರ ವಿಟಮಿನ್: ಆಲ್-ಇನ್-ಒನ್ ಡಬ್ಬಿಯೋ, ಬಿಡಿ ಮಾತ್ರೆಯೋ?

ನಮ್ಮ ಮನೆಯಲ್ಲಿ ಈಗ ಉಳಿದಿರುವುದು ಬಿಡಿ ಮಾತ್ರೆಗಳು ಮಾತ್ರ. ಬಿ12ಕ್ಕೊಂದು, ಕ್ಯಾಲ್ಸಿಯಂಗೊಂದು, ಡಾಕ್ಟರು ಹೇಳಿದಷ್ಟು ವಾರ ವಿಟಮಿನ್ ಡಿ. ಅಣ್ಣ ಅಮೆರಿಕದಿಂದ ಕಳಿಸಿದ ಮಲ್ಟಿವಿಟಮಿನ್ ಡಬ್ಬಿ, ಮೆಡಿಕಲ್ ಶಾಪಿನವರು ಒತ್ತಾಯಿಸಿ ಕೊಟ್ಟ ಪ್ರೋಟೀನ್ ಪುಡಿ, ಸಕ್ಕರೆ ಕಾಯಿಲೆಗೆಂದು ಪರಿಚಯದವರು ತಂದುಕೊಟ್ಟ ‘ಶುಗರ್ ಪುಡಿ’ ಮೂರೂ ಬಂದು ಹೋದವು. ಅಮ್ಮನಿಗೆ ಸಕ್ಕರೆ ಕಾಯಿಲೆ, ಥೈರಾಯ್ಡ್ ಎರಡೂ ಇವೆ. ಅಪ್ಪನಿಗೆ ಬಿಪಿ, ಜೊತೆಗೆ ಕಿಡ್ನಿ ಹೇಗಿದೆ ಎಂದು ತೋರಿಸುವ ಕ್ರಿಯಾಟಿನಿನ್ ಸ್ವಲ್ಪ ಮೇಲೆ. ಇಂಥವರಿಗೆ ‘ಶಕ್ತಿ ಬರುತ್ತದೆಯೇ’ ಎಂದು ಕೇಳುವ ಮೊದಲು, ಈಗಾಗಲೇ ನುಂಗುತ್ತಿರುವ ಔಷಧಿಗೆ ಅಡ್ಡ ಬರುತ್ತದೆಯೇ ಎಂದು ಕೇಳಬೇಕು. ನನ್ನ ಆಯ್ಕೆಯೆಲ್ಲ ನಿಂತಿರುವುದು ಅದರ ಮೇಲೆ.

ಮಲ್ಟಿವಿಟಮಿನ್ ಡಬ್ಬಿಯ ಕಥೆ ಮೊದಲು, ಏಕೆಂದರೆ ಹೆಚ್ಚು ಕಾಡಿದ್ದು ಅದೇ. ಅಮ್ಮ ಎದ್ದ ಕೂಡಲೇ ಖಾಲಿ ಹೊಟ್ಟೆಯಲ್ಲಿ ಥೈರಾಯ್ಡ್‌ನ ಥೈರಾಕ್ಸಿನ್ ಮಾತ್ರೆ ತೆಗೆದುಕೊಳ್ಳುತ್ತಾಳೆ. ಮುಕ್ಕಾಲು ಗಂಟೆ ಬಿಟ್ಟು ಕಾಫಿ, ಆಮೇಲೆ ತಿಂಡಿ. ಡಬ್ಬಿಯ ಮೇಲೆ ‘ದಿನಕ್ಕೊಂದು, ಊಟದೊಂದಿಗೆ’ ಎಂದಿತ್ತು, ಹಾಗಾಗಿ ತಿಂಡಿಯ ಜೊತೆಗೆ ಶುರುವಾಯಿತು. ಆ ಒಂದು ಮಾತ್ರೆಯೊಳಗೆ ಕ್ಯಾಲ್ಸಿಯಂ ಇತ್ತು, ಕಬ್ಬಿಣವೂ ಇತ್ತು. ಇವೆರಡೂ ಕರುಳಿನಲ್ಲಿ ಥೈರಾಕ್ಸಿನ್‌ಗೆ ಅಂಟಿಕೊಂಡು ಅದು ರಕ್ತಕ್ಕೆ ಸೇರದಂತೆ ತಡೆಯುತ್ತವೆ. ನಡುವೆ ಕನಿಷ್ಠ 4 ಗಂಟೆ ಅಂತರ ಬೇಕು. ಮುಂದಿನ ಪರೀಕ್ಷೆಯಲ್ಲಿ ಅಮ್ಮನ ಟಿಎಸ್‌ಎಚ್ (ಥೈರಾಕ್ಸಿನ್ ಸಾಲದಿದ್ದಾಗ ರಕ್ತದಲ್ಲಿ ಏರುವ ಹಾರ್ಮೋನ್) ಏರಿತ್ತು. ಸುಸ್ತು, ಮಲಬದ್ಧತೆ ಎರಡೂ ಮರಳಿದ್ದವು. ಡಾಕ್ಟರು ಡೋಸ್ ಹೆಚ್ಚಿಸುವ ಮೊದಲು ಕೇಳಿದ್ದು ಒಂದೇ ಪ್ರಶ್ನೆ: “ಬೇರೆ ಏನೇನು ತಗೋತಿದ್ದೀರಮ್ಮ?” ಆ ಪ್ರಶ್ನೆ ಕೇಳದ ಕಡೆ ಥೈರಾಕ್ಸಿನ್ ಸುಮ್ಮನೆ ಏರುತ್ತಾ ಹೋಗುತ್ತದೆ. ಮುಂದೊಂದು ದಿನ ಡಬ್ಬಿ ಖಾಲಿಯಾದಾಗ ಅದೇ ಡೋಸ್ ಅತಿಯಾಗಿ ಎದೆಬಡಿತ ಹೆಚ್ಚಾಗುತ್ತದೆ.

ಮಧ್ಯಾಹ್ನಕ್ಕೆ ಬದಲಾಯಿಸಿದರೆ ಆಯಿತಲ್ಲ ಎನ್ನಬಹುದು. ಥೈರಾಕ್ಸಿನ್ ಮಟ್ಟಿಗೆ ಸರಿ. ಆದರೆ ಕಬ್ಬಿಣ ಮತ್ತು ಕ್ಯಾಲ್ಸಿಯಂ ಒಂದೇ ಮಾತ್ರೆಯಲ್ಲಿದ್ದರೆ ಕ್ಯಾಲ್ಸಿಯಂ ಕಬ್ಬಿಣವನ್ನು ಸರಿಯಾಗಿ ಹೀರಿಕೊಳ್ಳಲು ಬಿಡುವುದಿಲ್ಲ. ಅಮ್ಮನಿಗೆ ಊಟವಾದ ಮೇಲೆ ಅರ್ಧ ಲೋಟ ಕಾಫಿ ಬೇಕೇ ಬೇಕು, ಅದೂ ಕಬ್ಬಿಣಕ್ಕೆ ಆಗದು. ಎಲ್ಲವನ್ನೂ ಒಟ್ಟಿಗೆ ಕಟ್ಟಿದ ಮಾತ್ರೆಗೆ ದಿನದಲ್ಲಿ ಸರಿಯಾದ ಹೊತ್ತೇ ಇಲ್ಲ. ಬಿಡಿ ಮಾತ್ರೆಗಳಿಗೆ ಆ ತೊಂದರೆಯಿಲ್ಲ, ಒಂದನ್ನು ಮಧ್ಯಾಹ್ನಕ್ಕೆ, ಇನ್ನೊಂದನ್ನು ರಾತ್ರಿಗೆ ಎತ್ತಿಡಬಹುದು.

ಅದೇ ಪಾರ್ಸೆಲ್ಲಿನಲ್ಲಿ ಕೂದಲು-ಉಗುರಿಗೆಂದು ಬಯೋಟಿನ್ ಎಂಬ ಬಿ ವಿಟಮಿನ್ ಮಾತ್ರೆಯೂ ಇತ್ತು, ಒಂದೊಂದರಲ್ಲಿ 10 ಮಿಲಿಗ್ರಾಂ. ಸಾಮಾನ್ಯ ಮಲ್ಟಿವಿಟಮಿನ್‌ನಲ್ಲಿ ಬಯೋಟಿನ್ ಇರುವುದು ಮೈಕ್ರೋಗ್ರಾಂ ಲೆಕ್ಕದಲ್ಲಿ, ಅದರಿಂದ ತೊಂದರೆಯಿಲ್ಲ. ಮಿಲಿಗ್ರಾಂ ಲೆಕ್ಕದ ಬಯೋಟಿನ್ ಮಾತ್ರ ಲ್ಯಾಬಿನ ಪರೀಕ್ಷೆಯನ್ನೇ ದಾರಿ ತಪ್ಪಿಸುತ್ತದೆ. ಹಲವು ಲ್ಯಾಬ್‌ಗಳ ಥೈರಾಯ್ಡ್ ಪರೀಕ್ಷೆ ಬಯೋಟಿನ್ ಆಧಾರಿತ ವಿಧಾನದ್ದು. ರಕ್ತದಲ್ಲಿ ಅದು ತುಂಬಿದ್ದರೆ ಟಿಎಸ್‌ಎಚ್ ಇದ್ದದ್ದಕ್ಕಿಂತ ಕಡಿಮೆ ತೋರಿಸಬಹುದು. ಅಂದರೆ ಕ್ಯಾಲ್ಸಿಯಂ ನಿಜವಾದ ಟಿಎಸ್‌ಎಚ್ ಏರಿಸುತ್ತಿರುವಾಗ ಬಯೋಟಿನ್ ಅದನ್ನು ಮುಚ್ಚಿಡಬಲ್ಲದು. ಹೃದಯಾಘಾತ ಪತ್ತೆಗೆ ಮಾಡುವ ಟ್ರೋಪೋನಿನ್ ಪರೀಕ್ಷೆಯೂ ಹೀಗೆಯೇ ತಪ್ಪಾಗಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲಿ ಎಚ್ಚರಿಸಿತ್ತು. ಥೈರಾಯ್ಡ್ ಪರೀಕ್ಷೆಗೆ ರಕ್ತ ಕೊಡುವ ಮೊದಲು ಕನಿಷ್ಠ 2 ದಿನ ಬಯೋಟಿನ್ ನಿಲ್ಲಿಸಬೇಕು. ಆ ಬಾಟಲಿಯನ್ನು ಅಮ್ಮನಿಗೆ ಕೊಡಲೇ ಇಲ್ಲ.

ಪಾರ್ಸೆಲ್ಲಿನ ಗಮ್ಮಿಗಳ (ಜೆಲ್ಲಿ ಮಿಠಾಯಿಯಂಥ ವಿಟಮಿನ್) ಬಗ್ಗೆ ಒಂದೇ ಮಾತು: ಅದರಲ್ಲಿ ಸಕ್ಕರೆ ಇತ್ತು.

ಕ್ಯಾಲ್ಸಿಯಂನಲ್ಲಿ ಕಾರ್ಬೊನೇಟ್, ಸಿಟ್ರೇಟ್ ಎರಡನ್ನೂ ತಂದು ನೋಡಿದ್ದೇವೆ. ಕಾರ್ಬೊನೇಟ್ ಅಗ್ಗ, ಚಿಕ್ಕ ಮಾತ್ರೆಯಲ್ಲೇ ಹೆಚ್ಚು ಕ್ಯಾಲ್ಸಿಯಂ. 1250 ಮಿಲಿಗ್ರಾಂ ಕಾರ್ಬೊನೇಟ್ ಎಂದರೆ ಅದರಲ್ಲಿ ನಿಜವಾದ ಕ್ಯಾಲ್ಸಿಯಂ 500 ಮಿಲಿಗ್ರಾಂ. ಸ್ಟ್ರಿಪ್ಪಿನ ಮೇಲೆ ದೊಡ್ಡ ಅಂಕಿ ನೋಡಿ ಹೆದರಬೇಡಿ, ಸಮಾಧಾನವನ್ನೂ ಪಡಬೇಡಿ, ಪಕ್ಕದಲ್ಲಿ ಚಿಕ್ಕದಾಗಿ ಬರೆದದ್ದನ್ನು ಓದಿ. ಕಾರ್ಬೊನೇಟ್ ಕರಗಲು ಹೊಟ್ಟೆಯ ಆಮ್ಲ ಬೇಕು, ಹಾಗಾಗಿ ಊಟದ ಜೊತೆಗೇ ತೆಗೆದುಕೊಳ್ಳಬೇಕು. ಅಮ್ಮ ಗ್ಯಾಸ್ಟ್ರಿಕ್‌ಗೆಂದು ಆಮ್ಲ ತಗ್ಗಿಸುವ ಪ್ಯಾಂಟೊಪ್ರಜೋಲ್ ನುಂಗುವವಳು, ಆ ಆಮ್ಲವೇ ಕಡಿಮೆ. ಮೇಲೆ ಮಲಬದ್ಧತೆ ಬೇರೆ. ಸಿಟ್ರೇಟ್ ಬೆಲೆ ಹೆಚ್ಚು, ಮಾತ್ರೆ ದಪ್ಪ, ಆದರೂ ಅವಳಿಗೆ ಹಿಡಿಸಿದ್ದು ಅದು. ಗ್ಯಾಸ್ಟ್ರಿಕ್ ಮಾತ್ರೆ ಇಲ್ಲದವರಿಗೆ ಕಾರ್ಬೊನೇಟ್ ಧಾರಾಳ ಸಾಕು. ಮನೆಯಲ್ಲಿ ರಾಗಿ ಮುದ್ದೆ ನಡೆಯುತ್ತಿದ್ದರೆ ಅದನ್ನೂ ಲೆಕ್ಕಕ್ಕೆ ಹಿಡಿಯಿರಿ, 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಸಕ್ಕರೆ ಕಾಯಿಲೆಯವರಿಗೆ ಮುದ್ದೆಯ ಗಾತ್ರವೂ ಮುಖ್ಯ ಎನ್ನುವುದನ್ನು ಮರೆಯಬಾರದು.

ಬಿ12 ವಿಷಯದಲ್ಲಿ ನನಗೆ ಯಾವ ಅನುಮಾನವೂ ಇಲ್ಲ. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಮಾತ್ರೆ ವರ್ಷಗಟ್ಟಲೆ ತೆಗೆದುಕೊಂಡವರಲ್ಲಿ ಬಿ12 ಇಳಿಯಬಹುದು, ಸಸ್ಯಾಹಾರಿಗಳಿಗೆ ಸಿಗುವುದೇ ಹಾಲು-ಮೊಸರಿನಿಂದ. ಪಾದ ಜೋಮು ಹಿಡಿದರೆ ‘ಶುಗರ್‌ನಿಂದ’ ಎಂದು ಸುಮ್ಮನಾಗುವ ಬದಲು ಬಿ12 ಪರೀಕ್ಷೆ ಮಾಡಿಸಬೇಕು. ಕೊಳ್ಳುವಾಗ ಗಮನಿಸಬೇಕಾದದ್ದು ಹೆಸರಿನ ಬಾಲ. ಒಂದೇ ಹೆಸರಿನ ಹಿಂದೆ ‘ಪ್ಲಸ್’, ‘ಫೋರ್ಟೆ’, ‘ಪಿ’, ‘ಎನ್‌ಟಿ’ ಎಂದು ಅಂಟಿಸಿದ ಮಾತ್ರೆಗಳಿವೆ. ಕೆಲವದರಲ್ಲಿ ಪ್ರಿಗ್ಯಾಬಲಿನ್ ಇರುತ್ತದೆ, ಕೆಲವದರಲ್ಲಿ ನಾರ್ಟ್ರಿಪ್ಟಿಲಿನ್. ಅವು ವಿಟಮಿನ್ ಅಲ್ಲ, ನರನೋವಿನ ಔಷಧಿ. ನಿದ್ದೆ ಬರುತ್ತದೆ, ತಲೆ ಸುತ್ತುತ್ತದೆ, ರಾತ್ರಿ ಬಚ್ಚಲಿಗೆ ಎದ್ದ ವಯಸ್ಸಾದವರು ಬೀಳುತ್ತಾರೆ. ಚೀಟಿಯಲ್ಲಿ ಬರೆದದ್ದಕ್ಕೂ ಸ್ಟ್ರಿಪ್ಪಿನ ಹಿಂದಿನ ಪದಾರ್ಥಗಳ ಸಾಲಿಗೂ ತಾಳೆ ನೋಡದೆ ಅಂಗಡಿಯಿಂದ ಕಾಲು ತೆಗೆಯಬೇಡಿ.

ಪ್ರೋಟೀನ್ ಪುಡಿ ಬೇಗ ಮುಗಿಯಿತು. ‘ಸಕ್ಕರೆ ಸೇರಿಸಿಲ್ಲ’ ಎಂದಿತ್ತು, ಆದರೆ ಪದಾರ್ಥಗಳಲ್ಲಿ ಮಾಲ್ಟೊಡೆಕ್ಸ್ಟ್ರಿನ್ ಮೇಲೆಯೇ ಇತ್ತು. ಅದು ರಕ್ತದ ಸಕ್ಕರೆಯನ್ನು ಬೇಗ ಏರಿಸುವ ಪಿಷ್ಟ. ಕಿಡ್ನಿ ದುರ್ಬಲವಿರುವ ಅಪ್ಪನಿಗೆ ದಿನಕ್ಕೆ ಎಷ್ಟು ಪ್ರೋಟೀನ್, ಎಷ್ಟು ಪೊಟ್ಯಾಸಿಯಂ ಎಂದು ತೀರ್ಮಾನಿಸುವವರು ಕಿಡ್ನಿ ಡಾಕ್ಟರು. ಬಿಪಿಗೆ ಟೆಲ್ಮಿಸಾರ್ಟಾನ್ ತೆಗೆದುಕೊಳ್ಳುವವರು ‘ಲೋ ಸೋಡಿಯಂ’ ಉಪ್ಪಿನ ಬಗ್ಗೆಯೂ ಅವರನ್ನೇ ಕೇಳಬೇಕು, ಅದರಲ್ಲಿ ಪೊಟ್ಯಾಸಿಯಂ ಇರುತ್ತದೆ.

ಶುಗರ್ ಪುಡಿಯನ್ನು ನಾನು ಪ್ಯಾಕೆಟ್ ಬಿಚ್ಚಲು ಬಿಡಲಿಲ್ಲ. ಅದರ ಮೇಲೆ ಲೈಸೆನ್ಸ್ ಸಂಖ್ಯೆ ಇರಲಿಲ್ಲ, ಪದಾರ್ಥಗಳ ಹೆಸರಿರಲಿಲ್ಲ, ತಯಾರಿಸಿದವರ ವಿಳಾಸವೂ ಇರಲಿಲ್ಲ. ಇಂಥ ಪುಡಿಗಳಲ್ಲಿ ಸ್ಟೀರಾಯ್ಡ್, ಸೀಸ, ಇಂಗ್ಲಿಷ್ ಔಷಧಿ ಪತ್ತೆಯಾದದ್ದುಂಟು. ಹೆಸರು ಗೊತ್ತಿರುವ ಗಿಡಮೂಲಿಕೆಗೂ ಲೆಕ್ಕವಿದೆ. ಅತಿಮಧುರ ಬಿಪಿ ಏರಿಸುತ್ತದೆ, ಅಶ್ವಗಂಧ ಥೈರಾಯ್ಡ್ ಮಟ್ಟವನ್ನು ಬದಲಿಸಬಹುದು. ಕೋವಿಡ್ ಕಾಲದಲ್ಲಿ ಅಮೃತಬಳ್ಳಿ ಸೇವಿಸಿದ ಕೆಲವರ ಯಕೃತ್ತಿಗೆ ಹಾನಿಯಾದದ್ದನ್ನು ಮುಂಬೈನ ವೈದ್ಯರು 2021ರಲ್ಲಿ ವರದಿ ಮಾಡಿದ್ದರು. ಸಕ್ಕರೆ ಇಳಿಸುವ ಪುಡಿ ನಿಜವಾಗಿ ಕೆಲಸ ಮಾಡಿದರೂ ಸಕ್ಕರೆ ಕಾಯಿಲೆಯ ಗ್ಲಿಮೆಪಿರೈಡ್ ಮಾತ್ರೆಯ ಜೊತೆ ಸೇರಿ ಸಕ್ಕರೆಯನ್ನು ಅಪಾಯದ ಮಟ್ಟಕ್ಕೆ ಇಳಿಸಬಹುದು.

ಥೈರಾಯ್ಡ್ ತೊಂದರೆ ಇಲ್ಲದ, ಹಸಿವು ಕಡಿಮೆಯಾಗಿ ಎಲ್ಲವನ್ನೂ ಎರಡು ತುತ್ತು ತಿಂದು ಬಿಡುವ ಹಿರಿಯರಿಗೆ ಡಾಕ್ಟರು ಒಪ್ಪಿದರೆ ಮಲ್ಟಿವಿಟಮಿನ್ ಅನುಕೂಲವೇ. ಒಂದೇ ಮಾತ್ರೆ, ಮರೆಯುವುದಿಲ್ಲ. ನಮ್ಮ ಮನೆಯಲ್ಲಿ ಮಧ್ಯಾಹ್ನ, ರಾತ್ರಿ ಎರಡೂ ಹೊತ್ತು ಮಾತ್ರೆ ತೆಗೆದು ಕೊಡಲು ನಾನಿದ್ದೇನೆ, ಹಾಗಾಗಿ ಬಿಡಿ ಮಾತ್ರೆ ನಡೆಯುತ್ತದೆ. ಬಿ12, ವಿಟಮಿನ್ ಡಿ ಎರಡನ್ನೂ ಜನೌಷಧಿ ಕೇಂದ್ರದಿಂದ ತರುತ್ತೇನೆ. ವಿಟಮಿನ್ ಡಿ 60,000 ಯೂನಿಟ್‌ನದು, ವಾರಕ್ಕೊಂದೇ. ದಿನವೂ ನುಂಗಿಬಿಟ್ಟರೆ ರಕ್ತದಲ್ಲಿ ಕ್ಯಾಲ್ಸಿಯಂ ಅತಿಯಾಗಿ ಕಿಡ್ನಿಗೇ ಏಟು ಬೀಳುತ್ತದೆ, ಅದಕ್ಕೇ ಆ ಸ್ಟ್ರಿಪ್ಪನ್ನು ಬೇರೆ ಮಾತ್ರೆಗಳ ಜೊತೆ ಇಡುವುದಿಲ್ಲ. ಡಬ್ಬಿಗೆ ಹೋಗುತ್ತಿದ್ದ ದುಡ್ಡಿನಲ್ಲಿ ವರ್ಷಕ್ಕೊಮ್ಮೆ ಇಬ್ಬರಿಗೂ ಬಿ12, ವಿಟಮಿನ್ ಡಿ, ಕ್ರಿಯಾಟಿನಿನ್ ಪರೀಕ್ಷೆ ಮಾಡಿಸುತ್ತೇನೆ. ಯಾವ ಮಾತ್ರೆ ಮುಂದುವರಿಯಬೇಕು, ಯಾವುದು ನಿಲ್ಲಬೇಕು ಎನ್ನುವುದನ್ನು ಆ ವರದಿ ನೋಡಿ ಡಾಕ್ಟರು ಹೇಳುತ್ತಾರೆ.