ವೀರಗಲ್ಲಿನ ಫೋಟೊ ಚಿಕ್ಕದು ಮಾಡಲು: ಮಾಗ್ರಿಫೈ, ವಿಪ್ಸ್‌ಥಂಬ್‌ನೇಲ್, ಪಿಲ್ಲೋ

ಶಿಕಾರಿಪುರದ ಸುತ್ತಲಿನ ಊರುಗಳಲ್ಲಿ ವೀರಗಲ್ಲು, ಶಾಸನಗಳ ಫೋಟೊ ತೆಗೆಯುವುದು ನನ್ನ ಭಾನುವಾರದ ಕೆಲಸ. ಒಂದೊಂದು ಫೋಟೊ 6000 × 4000 ಪಿಕ್ಸೆಲ್. ಹಳಗನ್ನಡ ಓದಬಲ್ಲ ಗೆಳೆಯರಿಗೆ ಇವನ್ನು ಕಳಿಸಬೇಕಾದರೆ ಉದ್ದ 1500ಕ್ಕೆ ಇಳಿಸುತ್ತೇನೆ. ಅಂದರೆ 40 ಪಿಕ್ಸೆಲ್ ಎತ್ತರದ ಅಕ್ಷರ 10 ಪಿಕ್ಸೆಲ್ ಆಗುತ್ತದೆ. ಅಷ್ಟರಲ್ಲೇ ಕೊಂಬು, ದೀರ್ಘ ಕಾಣಬೇಕು. ಒಂದೊಂದಾಗಿ ಕೈಯಲ್ಲಿ ಮಾಡಿದರೆ ರಾತ್ರಿಯಿಡೀ ಸಾಲದು. ಹಾಗಾಗಿ ಕಮಾಂಡ್ ಟೈಪ್ ಮಾಡಿ ಕೆಲಸ ಮಾಡಿಸುವ ಟರ್ಮಿನಲ್‌ನಲ್ಲಿ ಮೂರು ದಾರಿ ಹಿಡಿದು ನೋಡಿದೆ.

ಮೊದಲು ಇಮೇಜ್‌ಮ್ಯಾಜಿಕ್ ಎಂಬ ಫೋಟೊ ತಿದ್ದುವ ತಂತ್ರಾಂಶದ ಮಾಗ್ರಿಫೈ. ಒಂದೇ ಸಾಲಿನ ಕಮಾಂಡ್, ಇಡೀ ಫೋಲ್ಡರ್ ಮುಗಿಯುತ್ತದೆ. ಆದರೆ ಪಾತ್ ಆಯ್ಕೆಯಲ್ಲಿ ಬೇರೆ ಫೋಲ್ಡರ್ ಹೇಳದಿದ್ದರೆ ಅದು ಮೂಲ ಫೋಟೊದ ಮೇಲೆಯೇ ಬರೆಯುತ್ತದೆ. ಕೈಪಿಡಿಯಲ್ಲಿ ಇದು ಸ್ಪಷ್ಟವಾಗಿದೆ. ನಾನು ಓದಿರಲಿಲ್ಲ. ಬಳ್ಳಿಗಾವಿಯ ಒಂದು ದಿನದ ಫೋಟೊಗಳೆಲ್ಲ 1500ಕ್ಕೆ ಇಳಿದುಬಿಟ್ಟವು. ಕ್ಯಾಮೆರಾದ ಕಾರ್ಡನ್ನು ಆಗಲೇ ಖಾಲಿ ಮಾಡಿದ್ದೆ. ಸವೆದ ಅಕ್ಷರ ಎದ್ದು ಕಾಣುವುದು ಓರೆ ಬಿಸಿಲಿನಲ್ಲಿ ಮಾತ್ರ. ಆ ಬೆಳಕಿಗಾಗಿ ಮತ್ತೊಂದು ಬೆಳಗ್ಗೆ ಬೇಗ ಎದ್ದು ಹೋಗಬೇಕಾಯಿತು. ಅವತ್ತಿನಿಂದ ಮೂಲದ ಇನ್ನೊಂದು ಪ್ರತಿ ಹಾರ್ಡ್ ಡಿಸ್ಕ್‌ಗೆ ಹೋಗುವವರೆಗೆ ಯಾವ ಕಮಾಂಡನ್ನೂ ಓಡಿಸುವುದಿಲ್ಲ.

ಇನ್ನೂ ಎರಡು ಕಡೆ ಹುಷಾರಾಗಿರಬೇಕು. ಚಿಕ್ಕ ಫೋಟೊ ಹಿಗ್ಗದಿರಲಿ ಎಂದು ಅಳತೆಯ ಕೊನೆಗೆ > ಚಿಹ್ನೆ ಹಾಕುತ್ತೇವೆ, ಅಲ್ವಾ? ಅದು ಉದ್ಧರಣ ಚಿಹ್ನೆಯ ಒಳಗೇ ಇರಬೇಕು. ಇಲ್ಲದಿದ್ದರೆ ಕಮಾಂಡ್ ಓದುವ ಶೆಲ್ ಅದನ್ನು ಫೈಲಿಗೆ ಬರೆಯುವ ಸೂಚನೆ ಎಂದುಕೊಳ್ಳುತ್ತದೆ. ಎರಡನೆಯದು, ಸ್ಟ್ರಿಪ್ ಆಯ್ಕೆ. ಫೋಟೊದ ಒಳಗಿನ ಮಾಹಿತಿಯ ಜೊತೆಗೆ ಕ್ಯಾಮೆರಾ ಅಡ್ಡವಿತ್ತೋ ನೆಟ್ಟಗಿತ್ತೋ ಎಂಬ ಗುರುತನ್ನೂ ಅದು ಅಳಿಸುತ್ತದೆ. ಅದಕ್ಕೂ ಮೊದಲು, ಆ ಗುರುತಿನಂತೆ ಫೋಟೊ ತಿರುಗಿಸುವ ಆಟೊ ಓರಿಯಂಟ್ ಆಯ್ಕೆ ಕೊಡದಿದ್ದರೆ ನಿಂತ ಕಲ್ಲು ಮಲಗಿಬಿಡುತ್ತದೆ.

ನನ್ನ ಹಳೆಯ ಲ್ಯಾಪ್‌ಟಾಪ್‌ಗೆ ಇಮೇಜ್‌ಮ್ಯಾಜಿಕ್ ಭಾರ. ಕಾರಣ ಸರಳ. ಈ ಅಳತೆಯ ಫೋಟೊದಲ್ಲಿ 2.4 ಕೋಟಿ ಪಿಕ್ಸೆಲ್ ಇವೆ. ಇಮೇಜ್‌ಮ್ಯಾಜಿಕ್ ಸಾಮಾನ್ಯವಾಗಿ ಒಂದೊಂದು ಬಣ್ಣಕ್ಕೆ ಕನಿಷ್ಠ ಎರಡು ಬೈಟ್ ಇಡುತ್ತದೆ. ಮೂರು ಬಣ್ಣಕ್ಕೆ 144 ಎಂಬಿ ಆಯಿತು, ಒಂದೇ ಫೋಟೊಗೆ.

ಲಿಬ್‌ವಿಪ್ಸ್ ಎಂಬ ಇನ್ನೊಂದು ತಂತ್ರಾಂಶದ ವಿಪ್ಸ್‌ಥಂಬ್‌ನೇಲ್ ಗೆಲ್ಲುವುದು ಇಲ್ಲೇ. ಜೆಪೆಗ್ ಫೋಟೊವನ್ನು ಬಿಚ್ಚುವಾಗಲೇ ಅರ್ಧಕ್ಕೋ ಕಾಲಿಗೋ ಇಳಿಸಲು ಆ ಫಾರ್ಮ್ಯಾಟ್‌ನಲ್ಲೇ ದಾರಿಯಿದೆ. ವಿಪ್ಸ್ ಅದನ್ನು ತಾನಾಗಿಯೇ ಬಳಸುತ್ತದೆ. 6000 ಅನ್ನು 3000 ಮಾಡಿಯೇ ಓದಿ, ಉಳಿದ ಅರ್ಧವನ್ನು ನಿಧಾನವಾಗಿ, ಚೆನ್ನಾಗಿ ಇಳಿಸುತ್ತದೆ. ಫೋಟೊ ಪೂರ್ತಿ ಮೆಮೊರಿಗೆ ಬರುವುದೂ ಇಲ್ಲ, ತುಂಡು ತುಂಡಾಗಿ ಸಾಗುತ್ತದೆ. ಲ್ಯಾಪ್‌ಟಾಪ್‌ನ ಫ್ಯಾನ್ ಸದ್ದು ಮಾಡುವ ಮೊದಲೇ ಕೆಲಸ ಮುಗಿದಿರುತ್ತದೆ. ಸುಮ್ನೆ ಓಡಿಸಿದರೂ ಮೂಲಕ್ಕೆ ಏನೂ ಆಗುವುದಿಲ್ಲ. ಹೆಸರಿನ ಮುಂದೆ ಟಿಎನ್ ಸೇರಿಸಿ ಪಕ್ಕದಲ್ಲಿ ಹೊಸ ಫೈಲ್ ಇಡುತ್ತದೆ. ಆದರೆ ಅದೇ ಫೋಲ್ಡರ್‌ನಲ್ಲಿ ಎರಡನೇ ಸಲ ಓಡಿಸಿದರೆ ಆ ಚಿಕ್ಕವೂ ಸಾಲಿಗೆ ಸೇರುತ್ತವೆ. ಬೇರೆ ಫೋಲ್ಡರ್ ಕೊಡುವುದೇ ಒಳ್ಳೆಯದು.

ಪಿಲ್ಲೋ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಲೈಬ್ರರಿ. ಇದಕ್ಕೆ ಹತ್ತಿಪ್ಪತ್ತು ಸಾಲಿನ ಸ್ಕ್ರಿಪ್ಟ್ ಬರೆಯಬೇಕು. ಅದರ ಥಂಬ್‌ನೇಲ್ ಎಂಬ ಆಜ್ಞೆ ಚಿಕ್ಕ ಫೋಟೊವನ್ನು ಎಂದೂ ಹಿಗ್ಗಿಸುವುದಿಲ್ಲ. ಆದರೆ ನಾವು ಕೇಳದಿದ್ದರೆ ಫೋಟೊ ತೆಗೆದ ದಿನ, ಜಾಗದ ಜಿಪಿಎಸ್ ಯಾವುದೂ ಹೊಸ ಜೆಪೆಗ್‌ಗೆ ಬರುವುದಿಲ್ಲ. ಕಲ್ಲುಗಳನ್ನು ನಕ್ಷೆಯಲ್ಲಿ ಗುರುತಿಸುವ ಗೆಳೆಯರೊಬ್ಬರು "ಇದು ಯಾವ ಊರಿನ ಕಲ್ಲು?" ಎಂದು ಕೇಳಿದಾಗಲೇ ನನಗೆ ಗೊತ್ತಾಗಿದ್ದು.

ಅಕ್ಷರ ಯಾವುದರಲ್ಲಿ ಚೆನ್ನಾಗಿ ಉಳಿಯಿತು? ಮೊದಲು ಇಮೇಜ್‌ಮ್ಯಾಜಿಕ್ ಎಂದೇ ಅಂದುಕೊಂಡಿದ್ದೆ. ಅದು ಸರಿಯಾದ ಹೋಲಿಕೆ ಆಗಿರಲಿಲ್ಲ. ಜೆಪೆಗ್ ಉಳಿಸುವಾಗ ಗುಣಮಟ್ಟದ ಅಂಕಿ ಹೇಳದಿದ್ದರೆ ವಿಪ್ಸ್ ಮತ್ತು ಪಿಲ್ಲೋ 75 ಹಿಡಿಯುತ್ತವೆ. ಇಮೇಜ್‌ಮ್ಯಾಜಿಕ್ ಮೂಲ ಫೋಟೊದ ಗುಣಮಟ್ಟವನ್ನೇ ಅಂದಾಜು ಮಾಡಿ ಹಿಡಿಯುತ್ತದೆ. ಹಾಗಾಗಿ ಅದರ ಫೈಲೂ ದಪ್ಪ, ಅಕ್ಷರವೂ ಚೊಕ್ಕ. ಮೂರಕ್ಕೂ 85 ಕೊಟ್ಟು ಒಂದೇ ಶಾಸನದ ಸಾಲನ್ನು ದೊಡ್ಡದು ಮಾಡಿ ನೋಡಿದೆ. ನನ್ನ ಕಣ್ಣಿಗೆ ವ್ಯತ್ಯಾಸ ಸಿಗಲಿಲ್ಲ. 75ರಲ್ಲಿ ಮಾತ್ರ ಸವೆದ ಗೆರೆಗಳ ಸುತ್ತ ಕಲೆಗಳು ಕಾಣುತ್ತವೆ. ಓದುವವರಿಗೆ ಅದು ಜಾಸ್ತಿ ತೊಂದರೆ.

ಈಗ ಗೆಳೆಯರಿಗೆ ಕಳಿಸುವ ಪ್ರತಿಗಳನ್ನು ವಿಪ್ಸ್‌ಥಂಬ್‌ನೇಲ್‌ನಲ್ಲೇ ಮಾಡುತ್ತೇನೆ. ದಿನ, ಜಾಗ ಎಲ್ಲ ಹಾಗೇ ಉಳಿಯುತ್ತವೆ. ಎಲ್ಲರೂ ನೋಡುವ ಕಡೆ ಹಾಕುವ ಪ್ರತಿಗೆ ಪಿಲ್ಲೋ. ನಿಧಿಯಾಸೆಗೆ ಕಲ್ಲು ಕಿತ್ತು ನೆಲ ಅಗೆಯುವವರು ಇದ್ದಾರೆ. ಕಾಡಂಚಿನಲ್ಲಿ ಒಂಟಿಯಾಗಿ ನಿಂತ ವೀರಗಲ್ಲಿನ ಜಿಪಿಎಸ್ ಅವರ ಕೈಗೆ ಸಿಗಬಾರದು. ಇಮೇಜ್‌ಮ್ಯಾಜಿಕ್ಕನ್ನೂ ಬಿಟ್ಟಿಲ್ಲ. ನಾಲ್ಕೈದು ಫೋಟೊ ಇದ್ದು, ಮೇಲೆ ಊರಿನ ಹೆಸರು ಬರೆಯಬೇಕಾದಾಗ ಅದೇ ಬೇಕು.